ಕ್ಯೂನಿಂದ ಶುರುವಾಗುವ ಐದಕ್ಷರದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಲೇಬೇಕಾ?

ವರ್ಡಲ್ (ಆರು ಚಾನ್ಸ್‌ನಲ್ಲಿ ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆನ್‌ಲೈನ್ ಆಟ) ಆಡುವಾಗ ಮೊದಲ ಅಕ್ಷರ ಕ್ಯೂ ಅಂತ ಗೊತ್ತಾದರೂ ಪದ ಹೊಳೆಯಲ್ಲ, ಎಲ್ಲ ಪದಗಳನ್ನೂ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ನಾನೂ ಮಾಡಿಲ್ಲ. ಐದೇ ಐದು ಪದ ಸರಿಯಾಗಿ ನೆನಪಿಟ್ಟುಕೊಂಡರೆ ಕೆಲಸ ಮುಗಿಯುತ್ತದೆ. ಹೇಗೆ ಅಂತ ಹೇಳ್ತೀನಿ.

ಮೊದಲು ಸ್ವಲ್ಪ ಲೆಕ್ಕ. ಜೋಶ್ ವಾರ್ಡಲ್ 2021ರಲ್ಲಿ ಈ ಆಟವನ್ನು ಎಲ್ಲರಿಗೂ ಬಿಟ್ಟಾಗ ಉತ್ತರಗಳ ಪಟ್ಟಿಯಲ್ಲಿ 2,315 ಪದ ಇದ್ದವು. ಎಸ್‌ನಿಂದ ಶುರುವಾಗುವುವು 366. ಕ್ಯೂನಿಂದ ಬರೀ 23. ಎಕ್ಸ್‌ನಿಂದ ಒಂದೂ ಇಲ್ಲ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಕೊಂಡ ಮೇಲೆ ಪಟ್ಟಿಯಲ್ಲಿ ಒಂದಿಷ್ಟು ಬದಲಾವಣೆ ಆಗಿದೆ, ಆದರೆ ನಮಗೆ ಆ 23 ಸಾಕು.

ಆ 23ರಲ್ಲೂ ಎರಡನೇ ಅಕ್ಷರ ಯು. ಮೂರನೆಯದು ಎ, ಇ, ಐ, ಓ ಇವುಗಳಲ್ಲಿ ಒಂದು, ಅಂದರೆ ಸ್ವರವೇ. ಹಾಗಾಗಿ ನಿಜವಾಗಿ ಹುಡುಕಬೇಕಾಗಿರೋದು ಕೊನೆಯ ಎರಡು ಅಕ್ಷರ ಮಾತ್ರ. ಜನ ಇಲ್ಲೇ ಎಡವೋದು. ಪಟ್ಟಿಯನ್ನು ಮೊದಲ ಅಕ್ಷರದಿಂದ ಓದ್ತಾರೆ. ಓದಬೇಕಾಗಿರೋದು ಮೂರನೇ ಅಕ್ಷರದಿಂದ.

ಮೂರನೆಯದು ಎ ಆದರೆ ಎಂಟು ಪದ: ಕ್ವ್ಯಾಕ್, ಕ್ವೇಲ್, ಕ್ವೇಕ್, ಕ್ವಾಮ್ (ನಡುವೆ ಎಲ್ ಇದೆ, ಬಾಯಿಗೆ ಬರಲ್ಲ), ಕ್ವಾರ್ಕ್, ಕ್ವಾರ್ಟ್, ಕ್ವಾಷ್, ಕ್ವೇಸೈ. ಇದೇ ದೊಡ್ಡ ಗುಂಪು, ಇಲ್ಲೇ ಚಾನ್ಸ್‌ಗಳೆಲ್ಲ ಖಾಲಿಯಾಗೋದು. ಸುಮ್ನೆ ಹೊಳೆದ ಪದ ಹಾಕ್ತಾ ಹೋಗಬೇಡಿ. ಮೊದಲು ಕ್ವಾರ್ಕ್ ಹಾಕಿ. (ಹಸಿರು ಅಂದರೆ ಅಕ್ಷರ ಸರಿಯಾದ ಜಾಗದಲ್ಲೇ ಇದೆ, ಹಳದಿ ಅಂದರೆ ಪದದಲ್ಲಿದೆ ಆದರೆ ಬೇರೆ ಜಾಗದಲ್ಲಿ, ಬೂದು ಅಂದರೆ ಇಲ್ಲ.) ಕೊನೆಯ ಕೆ ಹಸಿರಾಗಿ ಆರ್ ಬೂದು ಆದರೆ ಉತ್ತರ ಕ್ವ್ಯಾಕ್. ಕೆ ಹಳದಿಯಾದರೆ ಕ್ವೇಕ್. ಆರ್ ಹಸಿರಾಗಿ ಕೆ ಬೂದು ಆದರೆ ಕ್ವಾರ್ಟ್. ಎರಡೂ ಬೂದು ಆದರೆ ನಾಲ್ಕು ಪದ ಉಳಿಯುತ್ತವೆ. ಆಗ ಕ್ವೇಲ್ ಹಾಕಿ, ಅಂದರೆ ಕೊನೆಗೆ ಐ, ಎಲ್ ಬರುವ ಹಕ್ಕಿಯ ಹೆಸರು. ಎಲ್ ಹಳದಿಯಾದರೆ ಕ್ವಾಮ್, ಐ ಹಳದಿಯಾದರೆ ಕ್ವೇಸೈ, ಎರಡೂ ಬೂದು ಆದರೆ ಕ್ವಾಷ್. ಎಂಟು ಪದ, ಹೆಚ್ಚೆಂದರೆ ಮೂರು ಚಾನ್ಸ್. ಇಷ್ಟು ಚೆನ್ನಾಗಿ ಬಿಡಿಸಿಕೊಳ್ಳುವ ಗುಂಪು ಬೇರೆ ಅಕ್ಷರಗಳಲ್ಲಿ ಸಿಗೋದು ಕಷ್ಟ.

ಮೂರನೆಯದು ಇ ಆದರೆ ಆರು: ಕ್ವೀನ್, ಕ್ವಿಯರ್, ಕ್ವೆಲ್, ಕ್ವೆರಿ, ಕ್ವೆಸ್ಟ್, ಆಮೇಲೆ ಸಾಲಿನಲ್ಲಿ ನಿಲ್ಲೋ ಕ್ಯೂ. ಇಲ್ಲಿ ಕ್ವೀನ್ ಹಾಕಿ. ಅದರಲ್ಲಿ ಇ ಎರಡು ಸಲ ಬರುತ್ತೆ ಅಲ್ವಾ, ಆ ಎರಡನೇ ಇ ಮೇಲೆ ಕಣ್ಣಿಡಿ. ಅದು ಹಸಿರಾಗಿ ಎನ್ ಬೂದು ಆದರೆ ಕ್ವಿಯರ್. ಹಳದಿಯಾದರೆ ಇನ್ನೊಂದು ಇ ಕೊನೆಯಲ್ಲಿದೆ ಅಂತ ಅರ್ಥ, ಉತ್ತರ ಸಾಲಿನ ಕ್ಯೂ. ಬೂದು ಆದರೆ ಉತ್ತರದಲ್ಲಿ ಇರೋದು ಒಂದೇ ಇ, ಕ್ವೆಲ್, ಕ್ವೆರಿ, ಕ್ವೆಸ್ಟ್ ಉಳೀತು. ಈ ಮೂರರಲ್ಲಿ ಅದೃಷ್ಟ ನೋಡಬೇಕು ಅಷ್ಟೆ.

ಐ ಗುಂಪಿನಲ್ಲೂ ಆರು: ಕ್ವಿಕ್, ಕ್ವಯಟ್, ಕ್ವಿಲ್, ಕ್ವಿಲ್ಟ್, ಕ್ವರ್ಕ್, ಕ್ವೈಟ್. ಇದಕ್ಕೆ ಕ್ವಿಲ್ಟ್. ಎಲ್ ಹಸಿರು, ಟಿ ಬೂದು ಆದರೆ ಕ್ವಿಲ್. ಟಿ ಮಾತ್ರ ಹಸಿರಾದರೆ ನಿಶ್ಶಬ್ದದ ಕ್ವಯಟ್, ಹಳದಿಯಾದರೆ ಕ್ವೈಟ್. ಅವೇ ಐದಕ್ಷರ ಹಿಂದುಮುಂದಾದ ಈ ಜೋಡಿ ಬರೆಯುವಾಗ ಎಷ್ಟು ಜನರನ್ನು ಕಾಡುತ್ತೋ! ಇಲ್ಲಿ ಮಾತ್ರ ಬಣ್ಣವೇ ಬಿಡಿಸಿ ಹೇಳಿಬಿಡುತ್ತೆ. ಎರಡೂ ಬೂದು ಆದರೆ ಕ್ವಿಕ್ ಅಥವಾ ಕ್ವರ್ಕ್.

ಓ ಗುಂಪು ಚಿಕ್ಕದು, ಆದರೆ ಕಿರಿಕಿರಿ ಜಾಸ್ತಿ. ಕೋಟಾ, ಕೋಟ್, ಕ್ವೋತ್. ಮೂರರಲ್ಲೂ ಮೊದಲ ನಾಲ್ಕು ಅಕ್ಷರ ಒಂದೇ, ಕೊನೆಯದಷ್ಟೇ ಬೇರೆ. ಎರಡೇ ಚಾನ್ಸ್ ಉಳಿದಿದ್ದರೆ ಇವುಗಳಲ್ಲಿ ಒಂದನ್ನು ಹಾಕಿ ಕೈಸುಟ್ಟುಕೊಳ್ಳಬೇಡಿ. ಹೃದಯ ಅನ್ನೋ ಅರ್ಥದ ಹಾರ್ಟ್ ಹಾಕಿ. ಅದರಲ್ಲಿ ಎಚ್, ಇ, ಎ ಮೂರೂ ಇವೆ. ಈ ಮೂರರಲ್ಲಿ ಯಾವುದು ಹಳದಿಯಾಗುತ್ತೋ ಅದೇ ಕೊನೆಯ ಅಕ್ಷರ. ಹಾರ್ಡ್ ಮೋಡ್‌ನಲ್ಲಿ ಆಡ್ತಿದ್ದರೆ ಇದು ನಡೆಯಲ್ಲ, ಅಲ್ಲಿ ಹಸಿರಾದ ಅಕ್ಷರ ಬಿಡೋ ಹಾಗಿಲ್ಲ.

ಪದ ಹೊಳೆಯದೇ ಇರೋಕೆ ನಮ್ಮ ಕಿವಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ. ನಾವು ಕೋಟಾ, ಕೋಟ್ ಅಂತೀವಿ. ಕಿವಿಗೆ ಕೆ ಅಥವಾ ಸಿ ಕೇಳುತ್ತೆ, ಮನಸ್ಸು ಆ ಅಕ್ಷರಗಳ ಹತ್ತಿರವೇ ಹುಡುಕುತ್ತೆ. ಇಂಗ್ಲಿಷಿನವರೂ ಮೊದಲು ಹಾಗೇ ಬರೀತಿದ್ದರು. ಹಳೆ ಇಂಗ್ಲಿಷಿನಲ್ಲಿ ಕ್ವೀನ್, ಕ್ವಿಕ್ ಎರಡೂ ಸಿ ಅಕ್ಷರದಿಂದಲೇ ಶುರುವಾಗುತ್ತಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬರವಣಿಗೆಯಲ್ಲಿ ಫ್ರೆಂಚ್ ಪದ್ಧತಿ ಬಂತು, ನಿಧಾನವಾಗಿ ಸಿ ಹೋಗಿ ಕ್ಯೂ, ಯು ಜೋಡಿ ಕೂತಿತು. ಕ್ವಯಟ್, ಕ್ವಾರ್ಟ್ ಥರದವು ಫ್ರೆಂಚಿನಿಂದ ಬರುವಾಗಲೇ ಈ ಜೋಡಿಯನ್ನು ಹೊತ್ತುಕೊಂಡು ಬಂದವು. ಯು ಇಲ್ಲದ ಕ್ಯೂ ಇಷ್ಟು ಅಪರೂಪ ಆಗಿರೋದು ಅದಕ್ಕೇ.

ಇನ್ನೊಂದು ವಿಷಯ. ಕ್ಯೂ ಇದೆ ಅಂತ ಗೊತ್ತಾಗೋ ಮೊದಲೇ ಅನುಮಾನ ಪಡೋದು ಹೇಗೆ? ಎರಡನೇ ಜಾಗದಲ್ಲಿ ಯು ಹಸಿರಾಗಿ, ಮೂರನೆಯದೂ ಸ್ವರ ಅಂತ ಗೊತ್ತಾದರೆ, ಹೆಚ್ಚಾಗಿ ಮೊದಲ ಅಕ್ಷರ ಜಿ ಅಥವಾ ಕ್ಯೂ. ಗೆಸ್ಟ್ ಮತ್ತು ಕ್ವೆಸ್ಟ್, ಗಿಲ್ಟ್ ಮತ್ತು ಕ್ವಿಲ್ಟ್ ನೋಡಿ, ಮೊದಲ ಅಕ್ಷರ ಬಿಟ್ಟರೆ ಎಲ್ಲ ಒಂದೇ. ಅಲ್ಲೊಂದು ಇಲ್ಲೊಂದು ಬಿಲ್ಡ್, ಜ್ಯೂಸ್, ಸ್ವೀಟ್ (ಹೋಟೆಲ್ ರೂಮಿನದು) ಅಡ್ಡ ಬರುತ್ತವೆ, ಅಷ್ಟೆ.

ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡೋ ಆಟ) ಆಡೋರಾದರೆ ಈ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ನೂರು ಬಿಲ್ಲೆಗಳಲ್ಲಿ ಕ್ಯೂ ಒಂದೇ, ಅದಕ್ಕೆ 10 ಅಂಕ. ಅದು ಕೈಗೆ ಬಂದು ಯು ಬರದಿದ್ದರೆ ತಲೆನೋವು. ಆಗ ಯು ಬೇಡದ ಪದಗಳೇ ಕಾಪಾಡೋದು: ನೆಲದಡಿಯ ನೀರಿನ ಸುರಂಗಕ್ಕೆ ಹೇಳುವ ಕನಾತ್, ಕ್ಯೂ ನಡುವೆ ಬರುವ ನಿಕಾಬ್, ಕೊನೆಗೆ ಬರುವ ತಲಾಕ್. ಐದಕ್ಷರಕ್ಕೆ ಜಾಗವೇ ಇಲ್ಲದಿದ್ದರೆ ಎರಡಕ್ಷರದ ಚೀ ಇದೆ, ಚೀನೀಯರು ಪ್ರಾಣಶಕ್ತಿ ಅನ್ನೋದು. ಕ್ಯೂ, ಐ ಎರಡೇ ಬಿಲ್ಲೆ ಸಾಕು.