ಸೇನಾಧಿಕಾರಿಗಳ ಸಹಿ ಇರುವ ಹಳೆಯ ದಾಖಲೆಗಳು: ಕೊಳ್ಳುವ ಮುನ್ನ, ಕೊಂಡ ಮೇಲೆ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧ ಕಾಲದ ಒಂದು ಬೇಡಿಕೆ ಪತ್ರ ಮಾರಾಟಕ್ಕೆ ಬಂದಿದೆ. ಒಂದು ತುಕಡಿಗೆ ಬೂಟು, ಕಂಬಳಿ ಕೇಳಿ ಬರೆದದ್ದು. 1863ರ ಜೂನ್ ತಾರೀಖಿದೆ, ಕೆಳಗೆ ಉತ್ತರದ ಪಕ್ಷದ ದಂಡನಾಯಕ ಜನರಲ್ ಗ್ರಾಂಟ್ ಸಹಿ. ಪುಸ್ತಕದಲ್ಲಿರುವ ಸಹಿಯ ಜೊತೆ ಹೋಲಿಸಿ ನೋಡಿದೆ, ಹೊಂದುತ್ತದೆ. ಕೊಳ್ಳಬಹುದೇ?

ಉತ್ತರ: ಸಹಿ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಖೊಟ್ಟಿ ಸಹಿ ಹಾಕುವವನ ಮುಂದೆಯೂ ಅದೇ ಪುಸ್ತಕ ಇರುತ್ತದೆ. ಸಹಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಿ.

ಮೊದಲು ತಾರೀಖು, ಜಾಗ, ಹುದ್ದೆ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ಗ್ರಾಂಟ್ 1861ರಲ್ಲಿ ಬ್ರಿಗೇಡಿಯರ್ ಜನರಲ್, 1862ರ ಫೆಬ್ರವರಿಯಲ್ಲಿ ಮೇಜರ್ ಜನರಲ್, 1864ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಜನರಲ್, 1866ರ ಜುಲೈನಲ್ಲಿ ಜನರಲ್ ಆದವರು. 1863ರ ಜೂನ್ ಪೂರ್ತಿ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್ ಪಟ್ಟಣದ ಮುತ್ತಿಗೆಯಲ್ಲಿದ್ದರು. ಆ ತಿಂಗಳ ಕಾಗದದಲ್ಲಿ ಲೆಫ್ಟಿನೆಂಟ್ ಜನರಲ್ ಎಂದಿದ್ದರೆ, ಅಥವಾ ವಾಷಿಂಗ್ಟನ್‌ನಲ್ಲಿ ಬರೆದದ್ದೆಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಇದೆಲ್ಲ ಸರಿಯಿದ್ದರೂ ಇನ್ನೊಂದು ತೊಡಕಿದೆ: ಅದು ಅವರು ಮಾಡುವ ಕೆಲಸವೇ? ತುಕಡಿಯ ಬೂಟು, ಕಂಬಳಿಗೆ ಬೇಡಿಕೆ ಬರೆದು ಸಹಿ ಹಾಕುವವನು ಅದರ ಕ್ಯಾಪ್ಟನ್. ಸಾಮಾನು ಕೊಡುವವನು ಕ್ವಾರ್ಟರ್‌ಮಾಸ್ಟರ್. ಇಡೀ ಸೈನ್ಯದ ದಂಡನಾಯಕನ ಸಹಿ ಅಂಥ ಕಾಗದದ ಮೇಲೆ ಬರಲು ಬಲವಾದ ಕಾರಣ ಬೇಕು. ನಿಜವಾದ, ಆದರೆ ಸಾಧಾರಣ ಬೆಲೆಯ ಅರ್ಜಿಯ ಮೇಲೆ ದೊಡ್ಡ ಹೆಸರೊಂದನ್ನು ಆಮೇಲೆ ಸೇರಿಸುವುದು ಹಳೆಯ ಚಾಳಿ. ಕಾಗದ ಅಸಲಿ, ಮುದ್ರಣ ಅಸಲಿ, ಗುಮಾಸ್ತನ ಅಕ್ಷರ ಅಸಲಿ, ಸಹಿ ಮಾತ್ರ ಖೊಟ್ಟಿ. ಮೋಸ ಹೋಗುವವರಲ್ಲಿ ಹೆಚ್ಚಿನವರು ಇಲ್ಲೇ ಬೀಳುತ್ತಾರೆ.

ಇದನ್ನು ಹಿಡಿಯಲು ಮಡಿಕೆಗಳು ನೆರವಾಗುತ್ತವೆ. ಆ ಕಾಲದ ಕಚೇರಿಗಳಲ್ಲಿ ಕಾಗದವನ್ನು ಮೂರು ಮಡಿಕೆ ಮಾಡಿ, ಹೊರಮೈ ಮೇಲೆ ವಿಷಯ, ತಾರೀಖು ಷರಾ ಬರೆದು ಕಟ್ಟು ಕಟ್ಟಿ ಇಡುತ್ತಿದ್ದರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಶಾಯಿಯ ಗೆರೆ ಮಡಿಕೆಯನ್ನು ದಾಟುವ ಜಾಗ ನೋಡಿ. ಬರೆದ ಮೇಲೆ ಮಡಚಿದ್ದರೆ ಮಡಿಕೆಯ ಏಣಿನ ಮೇಲೆ ಶಾಯಿ ಸವೆದು, ಬಿರಿದು, ಗೆರೆ ತುಂಡಾಗಿ ಕಾಣುತ್ತದೆ. ಎರಡೂ ಬದಿಯ ಅಂಚು ಮಾತ್ರ ಸ್ವಚ್ಛವಾಗಿರುತ್ತದೆ. ಮಡಚಿದ ಮೇಲೆ ಬರೆದಿದ್ದರೆ ಮುರಿದ ನಾರು ಶಾಯಿಯನ್ನು ಹೀರಿಕೊಂಡಿರುತ್ತದೆ. ಮಡಿಕೆಯ ಉದ್ದಕ್ಕೂ ಸಣ್ಣ ಸಣ್ಣ ಕೂದಲೆಳೆಯಂತೆ ಹರಡಿರುತ್ತದೆ. ಸಹಿ ಮಡಿಕೆಯ ಮೇಲೆ ಬೀಳದಿದ್ದರೆ ಪಕ್ಕದ ಗುಮಾಸ್ತನ ಅಕ್ಷರದ ಅಂಚಿಗೆ ಹೋಲಿಸಿ. ಶಾಯಿ ಹರಡದಿರಲೆಂದು ಹಳೆಯ ಕಾಗದಕ್ಕೆ ಹಾಕಿದ್ದ ಅಂಟು ಕಾಲಕ್ರಮದಲ್ಲಿ ಸತ್ವ ಕಳೆದುಕೊಂಡಿರುತ್ತದೆ. ಅದರ ಮೇಲೆ ಇಂದು ಬರೆದರೆ ಶಾಯಿ ಅಂಚಿನಲ್ಲಿ ಹರಡುತ್ತದೆ. ಪಠ್ಯದ ಅಂಚು ಹರಿತವಾಗಿದ್ದು ಸಹಿಯ ಅಂಚು ಮಾತ್ರ ಹರಡಿದ್ದರೆ ಎರಡೂ ಒಂದೇ ಕಾಲದವಲ್ಲ ಎಂದೇ ಅನುಮಾನಿಸಿ.

ಆ ಕಾಲದ ಸಾಮಾನ್ಯ ಶಾಯಿ ಕಬ್ಬಿಣ ಮತ್ತು ಮಾಚಿಕಾಯಿಯದು. ಬರೆಯುವಾಗ ತೆಳು, ಗಾಳಿ ತಗುಲಿ ಕಪ್ಪು, ವರ್ಷಗಳು ಉರುಳಿದಂತೆ ಕಂದು. ಆದರೆ ಕಂದು ಬಣ್ಣ ಕಂಡೊಡನೆ ನಂಬಬೇಡಿ, ಕಂದು ಶಾಯಿ ಕಲಸುವುದು ಕಷ್ಟವಲ್ಲ. ನೇರಳಾತೀತ ದೀಪ ಇನ್ನೊಂದು ಉಪಾಯ. ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿಸುವ ಪದ್ಧತಿ ಹರಡಿದ್ದು 1950ರ ಸುಮಾರಿಗೆ. 1863ರ ಕಾಗದ ನೀಲಿಯಾಗಿ ಹೊಳೆದರೆ ಅದು 1863ರದಲ್ಲ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಬರೆಯುವ ಕಲೆ ಬಲು ಹಳೆಯದು. 19ನೇ ಶತಮಾನದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಸ್ಪ್ರಿಂಗ್ ಎಂಬಾತ ಜಾರ್ಜ್ ವಾಷಿಂಗ್ಟನ್ ಹೆಸರಿನಲ್ಲಿ ದಂಡಿನ ರಹದಾರಿ ಚೀಟಿಗಳನ್ನು ಬರೆದು ಮಾರಿದ್ದ. ಅವನ ಚೀಟಿಗಳು ಈಗ ಖೊಟ್ಟಿ ಎಂದೇ ಬಿಕರಿಯಾಗುತ್ತವೆ ಎನ್ನುವುದು ಬೇರೆ ಮಾತು.

ನಿಮ್ಮ ಪತ್ರದ ವಿಷಯದಲ್ಲಿ ನನ್ನ ಸಲಹೆ: ಎರಡೂ ಬದಿಯ ಚಿತ್ರ, ಓರೆ ಬೆಳಕಿನಲ್ಲಿ ತೆಗೆದ ಚಿತ್ರ, ಹಿಂದೆ ಯಾರ ಬಳಿ ಇತ್ತೆಂಬುದಕ್ಕೆ ರಸೀದಿ ಕೇಳಿ. ಖೊಟ್ಟಿ ಎಂದು ತಿಳಿದರೆ ಯಾವಾಗ ಬೇಕಾದರೂ ಹಣ ವಾಪಸು ಎಂದು ಬರೆದುಕೊಡಲಿ. ಕೊಡಲಾರೆ ಎಂದರೆ ಬಿಟ್ಟುಬಿಡಿ. ಮಾರುವವನೇ ಅಚ್ಚು ಹಾಕಿಸಿದ ಪ್ರಮಾಣಪತ್ರಕ್ಕೆ ಆ ಕಾಗದದ ಬೆಲೆಯೂ ಇಲ್ಲ.

ಪ್ರಶ್ನೆ: ನನ್ನಲ್ಲಿರುವ ಆದೇಶದ ಒಕ್ಕಣೆ ಒಂದು ಕೈಬರಹ, ಸಹಿ ಇನ್ನೊಂದು. ಇದು ಖೊಟ್ಟಿಯೇ?

ಉತ್ತರ: ಅಲ್ಲ, ಇರಬೇಕಾದ್ದೇ ಹಾಗೆ. ಒಕ್ಕಣೆ ಗುಮಾಸ್ತನದು, ಸಹಿ ಅಧಿಕಾರಿಯದು. 1865ರ ಏಪ್ರಿಲ್ 10ರಂದು ದಕ್ಷಿಣದ ಪಕ್ಷದ ದಂಡನಾಯಕ ರಾಬರ್ಟ್ ಲೀ ತನ್ನ ಸೈನ್ಯಕ್ಕೆ ಹೊರಡಿಸಿದ ವಿದಾಯದ ಆದೇಶದ ಕರಡು ಬರೆದದ್ದು ಸಹಾಯಕ ಚಾರ್ಲ್ಸ್ ಮಾರ್ಷಲ್. ಬೇರೆ ಬೇರೆಯವರು ನಕಲು ಮಾಡಿ ತಂದ ಪ್ರತಿಗಳಿಗೂ ಲೀ ಸಹಿ ಹಾಕಿದ್ದರು.

ಸಹಿಯೂ ಗುಮಾಸ್ತನದೇ ಆಗಿದ್ದಾಗ ಮಾತ್ರ ಗೋಜಲು. ಕಡತಕ್ಕಾಗಿ ನಕಲು ಮಾಡುವಾಗ ಅಧಿಕಾರಿಯ ಹೆಸರನ್ನೂ ಅವನೇ ಬರೆಯುತ್ತಿದ್ದ. ಅದು ಮೋಸವಲ್ಲ, ಆದರೆ ಸಹಿಯೂ ಅಲ್ಲ. ಒಕ್ಕಣೆಯ ಅಕ್ಷರ, ಶಾಯಿ, ಓಟ ಸಹಿಯಲ್ಲೂ ಹಾಗೇ ಮುಂದುವರಿದಿದ್ದರೆ, ಅದೂ ಅಧಿಕಾರಿಯ ಕೈಬರಹದಂತಿಲ್ಲದಿದ್ದರೆ, ಅದು ನಕಲು. 20ನೇ ಶತಮಾನದ ಕಾಗದಗಳಲ್ಲಿ ರಬ್ಬರ್ ಮೊಹರಿನ ಸಹಿ, ಅಚ್ಚಾದ ಸಹಿ, ಯಂತ್ರದ ಸಹಿ ಎಲ್ಲವೂ ಸಿಗುತ್ತವೆ. ಮೊಹರಿನಲ್ಲಿ ನಿಬ್ಬು ಒತ್ತಿದ ತಗ್ಗಿರುವುದಿಲ್ಲ, ಶಾಯಿ ಅಂಚಿನಲ್ಲಿ ದಪ್ಪಗಟ್ಟಿರುತ್ತದೆ. ಯಂತ್ರದ ಸಹಿ ಉದ್ದಕ್ಕೂ ಒಂದೇ ದಪ್ಪ, ಶುರು ಮತ್ತು ಕೊನೆಯಲ್ಲಿ ಚುಕ್ಕೆ. ಅದೇ ಹೆಸರಿನ ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಮನುಷ್ಯನ ಕೈಯದಲ್ಲ.

ಪ್ರಶ್ನೆ: ಜನರಲ್‌ಗಳ ಸಹಿ ಕೊಳ್ಳುವ ಶಕ್ತಿ ಇಲ್ಲ. ಕಡಿಮೆ ಖರ್ಚಿನಲ್ಲಿ ಶುರು ಮಾಡುವುದು ಹೇಗೆ? ಕಳವಿನ ಮಾಲು ಕೈಗೆ ಬಂದೀತೆಂಬ ಭಯವೂ ಇದೆ.

ಉತ್ತರ: ಕ್ಯಾಪ್ಟನ್, ಲೆಫ್ಟಿನೆಂಟ್, ಸೇನಾ ವೈದ್ಯರ ಸಹಿ ಇರುವ ಹಾಜರಿ ಪಟ್ಟಿ, ರಜಾ ಚೀಟಿ, ಬಿಡುಗಡೆ ಪತ್ರಗಳಿಂದ ಶುರು ಮಾಡಿ. ಓದಲು ಇವೇ ರುಚಿ, ಖೊಟ್ಟಿ ಮಾಡುವವರಿಗೆ ಇವುಗಳಿಂದ ಲಾಭವೂ ಕಮ್ಮಿ. ಒಂದೇ ರೆಜಿಮೆಂಟು ಅಥವಾ ಒಂದೇ ಕಾರ್ಯಾಚರಣೆ ಹಿಡಿದು ಕೂಡಿಸಿದರೆ ಒಂದು ಕಾಗದ ಇನ್ನೊಂದಕ್ಕೆ ಸಾಕ್ಷಿ ನುಡಿಯುತ್ತದೆ. ದಾಖಲೆಯಿಂದ ಕತ್ತರಿಸಿ ತೆಗೆದ ಬರೀ ಸಹಿಯ ತುಂಡು ಅಗ್ಗವೆಂದು ಕೊಳ್ಳಬೇಡಿ. ಪರೀಕ್ಷಿಸಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಪದಕ ಪತ್ರಗಳಲ್ಲಿ ಖೊಟ್ಟಿ ವಿಪರೀತ, ಹೊಸಬರು ದೂರವಿರುವುದು ಲೇಸು. ಸೈನಿಕನ ವೇತನ ಪುಸ್ತಕವಾದರೆ ಹಲವು ವರ್ಷಗಳ ನಮೂದು ಹಲವು ಕೈ, ಹಲವು ಪೆನ್ನು, ಹಲವು ಮೊಹರಿನದಾಗಿರಬೇಕು. ಎಲ್ಲ ಒಂದೇ ದಿನ ಬರೆದಂತಿದ್ದರೆ ಹಾಗೇ ಬರೆದದ್ದು.

ಕಳವಿನ ಬಗ್ಗೆ: ಅಮೆರಿಕದ ಸೈನ್ಯದಲ್ಲಿ ಸರಕಾರಿ ಸಾಮಾನಿಗೆ ಅಧಿಕಾರಿಯೇ ಹೊಣೆಯಾಗಿದ್ದರಿಂದ ಲೆಕ್ಕಪತ್ರದ ಒಂದು ಪ್ರತಿಯನ್ನು ಅವನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದ. ಅಂಥ ಮನೆಯ ಪ್ರತಿಗಳು ಮಾರುಕಟ್ಟೆಗೆ ಬರುವುದರಲ್ಲಿ ತಪ್ಪಿಲ್ಲ. ಆದರೆ ಪತ್ರಾಗಾರದ ಮುದ್ರೆ, ಉಜ್ಜಿ ಅಳಿಸಿದ ಪೆನ್ಸಿಲ್ ಸಂಖ್ಯೆ, ಕತ್ತರಿಸಿದ ಮೂಲೆ, ಬೈಂಡು ಮಾಡಿದ್ದ ದಾರದ ತೂತು ಕಂಡರೆ ಕೊಳ್ಳುವ ಮೊದಲು ಆ ಪತ್ರಾಗಾರಕ್ಕೇ ಬರೆದು ಕೇಳಿ. ಹಲವು ದೇಶಗಳಲ್ಲಿ ಸರಕಾರಿ ದಾಖಲೆ ಎಷ್ಟು ಕೈ ಬದಲಾದರೂ ಸರಕಾರದ್ದೇ. ದುಡ್ಡು ಕೊಟ್ಟು ಕೊಂಡವರೂ ಹಿಂದಿರುಗಿಸಬೇಕಾಗುತ್ತದೆ.

ಪ್ರಶ್ನೆ: ಮಡಿಕೆಯಲ್ಲಿ ಹರಿದ ಪತ್ರಕ್ಕೆ ಟೇಪು ಹಚ್ಚಿ ಲ್ಯಾಮಿನೇಟ್ ಮಾಡಿಸಲೇ?

ಉತ್ತರ: ಎರಡೂ ಬೇಡ. ಟೇಪಿನ ಅಂಟು ನಾರಿಗೆ ಇಳಿದು ಹಳದಿ ಕಲೆಯಾಗುತ್ತದೆ, ಲ್ಯಾಮಿನೇಟ್ ಮಾಡಿದ್ದನ್ನು ಬಿಡಿಸುವುದು ದುಸ್ತರ. ಹರುಕನ್ನು ತೆಳು ಜಪಾನೀ ಕಾಗದ ಮತ್ತು ಗೋಧಿ ಗಂಜಿಯಿಂದ ಸಂರಕ್ಷಣಾ ತಜ್ಞರು ಕೂಡಿಸಲಿ. ಅಲ್ಲಿಯವರೆಗೆ ಬಿಡಿಸಿ ಚಪ್ಪಟೆಯಾಗಿ, ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿಡಿ. ಹೊದಿಕೆ ಬೇಕಿದ್ದರೆ ಪಾಲಿಯೆಸ್ಟರಿನದು, ಪಿವಿಸಿ ಬೇಡ. ತುಕ್ಕು ಹಿಡಿದ ಗುಂಡುಪಿನ್ನನ್ನು ಜಗ್ಗದೆ ಮೆಲ್ಲಗೆ ತೆಗೆಸಿ. ತಾಪ 16ರಿಂದ 20 ಡಿಗ್ರಿ, ತೇವಾಂಶ ಶೇ 35ರಿಂದ 50ರ ನಡುವೆ ಏರಿಳಿತವಿಲ್ಲದೆ ಇರಲಿ. ಗೋಡೆಗೆ ಹಾಕುವುದಾದರೆ ಉತ್ತಮ ನಕಲನ್ನು ಹಾಕಿ.

ನೀರು ಮಾತ್ರ ಮುಟ್ಟಿಸಬೇಡಿ. ಕಬ್ಬಿಣದ ಶಾಯಿ ಒದ್ದೆಯಾದರೆ ಅದರೊಳಗಿನ ಕಬ್ಬಿಣ ಸುತ್ತಲ ಕಾಗದಕ್ಕೆ ಹರಿದು ಅಲ್ಲೂ ಕೊರೆಯತೊಡಗುತ್ತದೆ. ಅಕ್ಷರದ ಹಿಂಬದಿ ಕಂದು ನೆರಳು, ಗೆರೆಯ ಉದ್ದಕ್ಕೂ ಬಿರುಕು ಕಂಡರೆ ಆ ಕೆಲಸ ಆಗಲೇ ಶುರುವಾಗಿದೆ. ಅಂಥ ಹಾಳೆಯನ್ನು ಮತ್ತೆ ಮಡಚಬಾರದು. ಮೊದಲ ಮಹಾಯುದ್ಧದ ರಣರಂಗದ ಚೀಟಿಗಳನ್ನು ಹಲವು ಸಲ ನಕಲು ಪೆನ್ಸಿಲಿನಲ್ಲಿ (ಸೀಸದಲ್ಲಿ ಬಣ್ಣ ಬೆರೆಸಿದ ‘ಕಾಪಿಯಿಂಗ್ ಪೆನ್ಸಿಲ್’) ಬರೆದಿರುತ್ತಾರೆ. ಒಣಗಿದ್ದಾಗ ಸಾದಾ ಪೆನ್ಸಿಲಿನ ಹಾಗೆ ಬೂದು. ಒಂದು ಹನಿ ನೀರು ಬಿದ್ದರೆ ನೇರಳೆಯಾಗಿ ಹರಡಿ ಸಹಿಯನ್ನೇ ನುಂಗುತ್ತದೆ.