13ಬಿ ರೋಟರಿಗೆ ಹೈಡ್ರಾಲಿಕ್ ಪ್ರೊಪೆಲ್ಲರ್ ಹಾಕಬೇಕಾ? ಮೊದಲು ಗೇರ್‌ಬಾಕ್ಸ್ ಶಾಫ್ಟ್ ನೋಡಿ

ಆರ್‌ವಿ-7 ಅನ್ನುವ ಕಿಟ್ ವಿಮಾನ ಕಟ್ಟುತ್ತಿದ್ದೀರಿ, ಅದಕ್ಕೆ ಮಾಜ್ದಾ ಕಾರಿನ 13ಬಿ ರೋಟರಿ (ಪಿಸ್ಟನ್ ಬದಲು ರೋಟರ್ ತಿರುಗುವ ಎಂಜಿನ್) ರೆಡಿ ಇದೆ. ಲೈಕಮಿಂಗ್ ವಿಮಾನ ಎಂಜಿನ್‌ನಿಂದ ಬಿಚ್ಚಿದ ಹಾರ್ಟ್‌ಜೆಲ್ ಕಂಪನಿಯ ಹೈಡ್ರಾಲಿಕ್ ಪ್ರೊಪೆಲ್ಲರ್, ಅಂದರೆ ಬ್ಲೇಡ್‌ನ ಕೋನವನ್ನು (ಪಿಚ್) ಆಯಿಲ್ ಒತ್ತಡದಿಂದ ಬದಲಾಯಿಸುವಂಥದ್ದು, ಒಳ್ಳೆ ಬೆಲೆಗೆ ಸಿಕ್ಕಿದೆ. ಈಗಿರುವ ಗೇರ್‌ಬಾಕ್ಸ್‌ಗೆ ಗವರ್ನರ್ (ಆ ಆಯಿಲ್ ಒತ್ತಡ ಹೆಚ್ಚುಕಡಿಮೆ ಮಾಡಿ ಆರ್‌ಪಿಎಂ ಒಂದೇ ಸಮ ಇಡುವ ಸಾಧನ) ಸೇರಿಸುವುದು ಹೇಗೆ ಅಂತ ಕೇಳಿದ್ದೀರಿ. ಇದೇ ಎಂಜಿನ್, ಇದೇ ಜಾತಿಯ ಪ್ರೊಪೆಲ್ಲರ್ ಇಟ್ಟುಕೊಂಡು ನಾನು ಟೆಕ್ಸಾಸ್‌ನಲ್ಲಿ ಈ ಕೆಲಸ ಮಾಡಿದ್ದೇನೆ. ನಿಮ್ಮ ಹಾಗೆಯೇ ಮೊದಲು ಪ್ರೊಪೆಲ್ಲರ್ ಕೊಂಡೆ, ಆಮೇಲೆ ಅದಕ್ಕೆ ಗೇರ್‌ಬಾಕ್ಸ್ ಹೊಂದಿಸಲು ಕೂತೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಪ್ರೊಪೆಲ್ಲರ್ ಅಗ್ಗಕ್ಕೆ ಸಿಕ್ಕಿತು ಅನ್ನೋದು ಹೈಡ್ರಾಲಿಕ್ ಹಾಕಲು ಕಾರಣವೇ ಅಲ್ಲ.

ಲೈಕಮಿಂಗ್‌ನಲ್ಲಿ ಪ್ರೊಪೆಲ್ಲರ್ ನೇರ ಕ್ರ್ಯಾಂಕ್‌ಶಾಫ್ಟ್ ಮೇಲೆ ಕೂರುತ್ತದೆ. ಇಂಥ ಪ್ರೊಪೆಲ್ಲರ್‌ಗಾಗಿ ಮಾಡಿದ ಮಾದರಿಗಳಲ್ಲಿ ಆ ಶಾಫ್ಟ್ ಒಳಗೆ ಪೊಳ್ಳು. ಗವರ್ನರ್ ಕೂರಿಸಲು ಜಾಗ, ಅದನ್ನು ತಿರುಗಿಸಲು ಗೇರ್, ಆಯಿಲ್ ಒಳಗೆ ಹೋಗುವ ದಾರಿ, ಎಲ್ಲವನ್ನೂ ಕಾರ್ಖಾನೆಯವರೇ ಮಾಡಿಟ್ಟಿರುತ್ತಾರೆ. 13ಬಿ ಹಾಗಲ್ಲ. ಇದು 1308 ಸಿಸಿಯ ಪುಟ್ಟ ಎಂಜಿನ್. 160, 180 ಎಚ್‌ಪಿ ಬೇಕು ಅಂದರೆ 6000 ಆರ್‌ಪಿಎಂ ಅಥವಾ ಅದಕ್ಕೂ ಜಾಸ್ತಿ ತಿರುಗಬೇಕು. ಹಾರ್ಟ್‌ಜೆಲ್‌ಗೆ 2700 ಮಿತಿ. ನಡುವೆ ಗೇರ್‌ಬಾಕ್ಸ್ ಬೇಕೇ ಬೇಕು. ನನ್ನದು 2.17 ಅನುಪಾತದ್ದು (ಎಂಜಿನ್ 2.17 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು), ಪ್ಲಾನೆಟರಿ, ಅಂದರೆ ನಡುವಿನ ಗೇರ್‌ನ ಸುತ್ತ ಸಣ್ಣ ಗೇರ್‌ಗಳು ಸುತ್ತುವಂಥದ್ದು. ಪ್ಲಾನೆಟರಿ ಆದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ, ಲೈಕಮಿಂಗ್‌ನ ಪ್ರೊಪೆಲ್ಲರ್ ಹಾಗೇ ನಡೆಯುತ್ತದೆ. ಎರಡೇ ಗೇರ್ ಒಂದಕ್ಕೊಂದು ಕಚ್ಚುವ ಬಾಕ್ಸ್ ನಿಮ್ಮದಾಗಿದ್ದರೆ ದಿಕ್ಕು ತಿರುಗುಮುರುಗಾಗುತ್ತದೆ. ಆಗ ಆ ಹಾರ್ಟ್‌ಜೆಲ್ ನಿಮಗೆ ಉಪಯೋಗಕ್ಕೇ ಬರುವುದಿಲ್ಲ. ಇದನ್ನು ಇವತ್ತೇ ನೋಡಿಕೊಳ್ಳಿ.

ನನ್ನ ಬಾಕ್ಸ್ ಫಿಕ್ಸೆಡ್ ಪಿಚ್‌ಗಾಗಿ, ಅಂದರೆ ಬ್ಲೇಡ್‌ನ ಕೋನ ಬದಲಾಗದ ಪ್ರೊಪೆಲ್ಲರ್‌ಗಾಗಿ ಮಾಡಿದ್ದು. ಗವರ್ನರ್ ಕೂರಿಸಲು ಜಾಗ ಇರಲಿಲ್ಲ. ಶಾಫ್ಟ್‌ನ ನಡುವೆ ತೂತು ಇತ್ತು, ಆದರೆ ಆಯಿಲ್ ಒಯ್ಯಲು ಅಂತ ಕೊರೆದದ್ದಲ್ಲ. ನಾನು ಶಾಫ್ಟ್‌ನ ಹಿಂಬದಿಗೆ ಪ್ಲಗ್ ಹಾಕಿಸಿದೆ, ಪಕ್ಕದಿಂದ ಅಡ್ಡ ತೂತು ಕೊರೆಸಿದೆ. ಗವರ್ನರ್ ತಿರುಗಿಸಲು ಪ್ರೊಪೆಲ್ಲರ್ ಶಾಫ್ಟ್‌ನಿಂದಲೇ ಒಂದು ಗೇರ್ ಕೊಟ್ಟೆ. ಈ ಭಾಗ ಸರಿಯಾಗಿಯೇ ಬಂತು. ಲೈಕಮಿಂಗ್ ಒ-360ರಲ್ಲಿ ಗವರ್ನರ್ ಕ್ರ್ಯಾಂಕ್‌ಶಾಫ್ಟ್‌ನ 0.895 ಪಟ್ಟು ವೇಗದಲ್ಲಿ ತಿರುಗುತ್ತದೆ. ಅಂದರೆ 2700ಕ್ಕೆ ಸುಮಾರು 2400. ಅದೇ ವೇಗ ಬರುವ ಹಾಗೆ ಹಲ್ಲು ಲೆಕ್ಕ ಹಾಕಿದೆ. ಎಂಜಿನ್ ಶಾಫ್ಟ್‌ನಿಂದ ನೇರವಾಗಿ ಕೊಟ್ಟರೆ ಗವರ್ನರ್ 6000ದಲ್ಲಿ ತಿರುಗುತ್ತದೆ. ಒಳಗಿನ ತೂಕದ ಗುಂಡುಗಳ ಬಲ ವೇಗದ ವರ್ಗದಂತೆ ಏರುವುದರಿಂದ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಆ ಗುಂಡುಗಳನ್ನು ಎದುರಿಸಿ ಹಿಡಿಯುವ ಸ್ಪ್ರಿಂಗ್ ಅಷ್ಟನ್ನು ತಡೆಯುವುದಿಲ್ಲ.

ಈಗ ನನಗೆ ದುಬಾರಿಯಾದ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಇದರ ಸುಳಿವೇ ಇಲ್ಲ.

ಗವರ್ನರ್ ಎಂಜಿನ್ ಆಯಿಲ್ ತೆಗೆದುಕೊಂಡು, ಒತ್ತಡವನ್ನು ಸುಮಾರು 300 ಪಿಎಸ್‌ಐವರೆಗೆ ಏರಿಸಿ ಪ್ರೊಪೆಲ್ಲರ್ ಹಬ್‌ಗೆ (ಬ್ಲೇಡ್‌ಗಳು ಕೂರುವ ನಡುಭಾಗ) ಕಳಿಸುತ್ತದೆ. ಗವರ್ನರ್ ನಿಂತಲ್ಲೇ ಇದೆ, ಶಾಫ್ಟ್ ತಿರುಗುತ್ತಿದೆ. ನಿಂತ ಭಾಗದಿಂದ ತಿರುಗುವ ಭಾಗಕ್ಕೆ ಆಯಿಲ್ ದಾಟಬೇಕಲ್ಲ? ಅದಕ್ಕೆ ಶಾಫ್ಟ್‌ನ ಸುತ್ತ ಒಂದು ಬುಷ್ ಬೇಕು. ಬುಷ್‌ಗೂ ಶಾಫ್ಟ್‌ಗೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ, ಅದು ತಪ್ಪಲ್ಲ. ಗವರ್ನರ್ ಪಂಪ್ ಆ ಸೋರಿಕೆಗಿಂತ ಜಾಸ್ತಿ ಆಯಿಲ್ ಕೊಡುತ್ತಿರುವ ತನಕ ಎಲ್ಲ ಸರಿ.

ನಾನು ಆ ಬುಷ್‌ನ ಡ್ರಾಯಿಂಗ್ ಮಾಡಿ ಅಲ್ಯೂಮಿನಿಯಂನಲ್ಲಿ ಕಡೆಸಿದೆ. ಹಗುರ, ಕಡೆಯುವುದು ಸುಲಭ, ಬಾಕ್ಸ್‌ನ ಹೊರಮೈ ಕೂಡ ಅಲ್ಯೂಮಿನಿಯಂ, ಆದ್ದರಿಂದ ಹೊಂದುತ್ತದೆ ಅಂದುಕೊಂಡೆ. ಶಾಫ್ಟ್ ಉಕ್ಕಿನದು, ಸುಮಾರು 50 ಮಿಮೀ ವ್ಯಾಸ. ತಣ್ಣಗಿದ್ದಾಗ ಸಂದು 0.05 ಮಿಮೀ. ಕಾಗದದ ಮೇಲೆ ಚೆನ್ನಾಗಿತ್ತು.

ಅಲ್ಯೂಮಿನಿಯಂ ಬಿಸಿಯಾದಾಗ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ಆಯಿಲ್ ಬಿಸಿಯಾದಂತೆ ಬುಷ್ ಶಾಫ್ಟ್‌ನಿಂದ ದೂರ ಸರಿಯುತ್ತದೆ. 40 ಡಿಗ್ರಿಯಲ್ಲಿ 0.06 ಇದ್ದ ಸಂದು 100 ಡಿಗ್ರಿಗೆ 0.09 ದಾಟುತ್ತದೆ. ಒಂದೂವರೆ ಪಟ್ಟು, ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಸೋರಿಕೆ ಸಂದಿನ ಘನದಂತೆ ಏರುತ್ತದೆ. ಸಂದು ಒಂದೂವರೆ ಪಟ್ಟಾದರೆ ಸೋರಿಕೆ ಸುಮಾರು ಮೂರೂವರೆ ಪಟ್ಟು. ಇದರ ಮೇಲೆ ಆಯಿಲ್ ತೆಳ್ಳಗಾಗುವುದು ಬೇರೆ. 20ಡಬ್ಲ್ಯೂ-50 ಆಯಿಲ್ 40 ಡಿಗ್ರಿಯಿಂದ 100 ಡಿಗ್ರಿಗೆ ಹೋಗುವಷ್ಟರಲ್ಲಿ ಎಂಟು ಪಟ್ಟು ತೆಳ್ಳಗಾಗಿರುತ್ತದೆ. ಎಷ್ಟು ತೆಳ್ಳಗೋ ಅಷ್ಟು ಜಾಸ್ತಿ ಸೋರಿಕೆ. ಎರಡನ್ನೂ ಗುಣಿಸಿ ನೋಡಿ: ಹತ್ತಿರ ಹತ್ತಿರ ಮೂವತ್ತು ಪಟ್ಟು. ನನ್ನ ಪಂಪ್‌ಗೆ ಅದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗಾಯಿತು.

ಮತ್ತೆ ನಾನು ಪರೀಕ್ಷೆ ಮಾಡಿದ್ದು ನೆಲದ ಮೇಲೆ, ಬೆಳಗಿನ ತಂಪಿನಲ್ಲಿ, ಆಯಿಲ್ ಇನ್ನೂ 40ರ ಆಸುಪಾಸಿನಲ್ಲಿದ್ದಾಗ. ಪ್ರೊಪೆಲ್ಲರ್ ಲಿವರ್ ಎಳೆದರೆ ಆರ್‌ಪಿಎಂ ಇಳಿಯಿತು, ತಳ್ಳಿದರೆ ಏರಿತು. ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ಅದೇ. ಕೆಲಸ ಮುಗಿಯಿತು ಅಂತ ನಂಬಿಬಿಟ್ಟೆ. ಬುಷ್ ಅಲ್ಯೂಮಿನಿಯಂ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಇದು. ಬಿಸಿ ಆಯಿಲ್‌ನಲ್ಲಿ ಒಂದೇ ಒಂದು ಸಲ ನೋಡಿದ್ದರೂ ಅಲ್ಲೇ ಗೊತ್ತಾಗುತ್ತಿತ್ತು.

ಗೊತ್ತಾದದ್ದು ಆಕಾಶದಲ್ಲಿ. ಟೆಕ್ಸಾಸ್‌ನ ಬೇಸಿಗೆ, ಮಧ್ಯಾಹ್ನ, ಕ್ಲೈಂಬ್. ಆಯಿಲ್ 100 ಡಿಗ್ರಿ ಹತ್ತಿರ ಬಂತು. ಆರ್‌ಪಿಎಂ ತಾನಾಗಿಯೇ ಮೇಲಕ್ಕೆ ಹತ್ತತೊಡಗಿತು. ಲಿವರ್ ಎಳೆದೆ, ಏನೂ ಆಗಲಿಲ್ಲ. ನಿಮ್ಮ ಹಾರ್ಟ್‌ಜೆಲ್ ಕೂಡ ಹೀಗೆಯೇ ಇರುತ್ತದೆ ಅಂದುಕೊಳ್ಳುತ್ತೇನೆ: ಕೌಂಟರ್‌ವೇಟ್ (ಬ್ಲೇಡ್ ಬುಡಕ್ಕೆ ಕಟ್ಟಿದ ತೂಕ) ಇಲ್ಲದ ಹಬ್‌ನಲ್ಲಿ ಆಯಿಲ್ ಒತ್ತಡ ಬ್ಲೇಡನ್ನು ಕೋರ್ಸ್, ಅಂದರೆ ಹೆಚ್ಚು ಕೋನದ ಕಡೆಗೆ ತಳ್ಳುತ್ತದೆ. ಒತ್ತಡ ಹೋದರೆ ಬ್ಲೇಡ್ ತಾನಾಗಿ ಫೈನ್‌ಗೆ ಬಂದು ನಿಲ್ಲುತ್ತದೆ. ಫೈನ್ ಅಂದರೆ ಎಂಜಿನ್‌ಗೆ ಹೊರೆ ಕಡಿಮೆ, ಆರ್‌ಪಿಎಂ ಜಾಸ್ತಿ. ಏರೋಬ್ಯಾಟಿಕ್ ವಿಮಾನಗಳ ಕೌಂಟರ್‌ವೇಟ್ ಹಬ್‌ನಲ್ಲಿ ಇದು ಉಲ್ಟಾ, ಒತ್ತಡ ಹೋದರೆ ಕೋರ್ಸ್‌ಗೆ ಹೋಗುತ್ತದೆ. ಗವರ್ನರ್ ಕೂಡ ಹಬ್‌ನ ಜಾತಿಗೆ ಹೊಂದುವಂಥದ್ದೇ ಬೇಕು. ಎರಡನ್ನೂ ಬೇರೆ ಬೇರೆ ಕಡೆಯಿಂದ ಕೊಳ್ಳುವಾಗ ಪಾರ್ಟ್ ನಂಬರ್ ನೋಡದೆ ದುಡ್ಡು ಕೊಡಬೇಡಿ.

ನಾನು ಥ್ರಾಟಲ್ ಎಳೆದದ್ದು ತಡವಾಗಿ. ಅದಕ್ಕೆ ಕಾರಣ ರೋಟರಿಯ ಒಳ್ಳೆಯ ಗುಣವೇ. ಪಿಸ್ಟನ್ ಎಂಜಿನ್ ಮಿತಿ ದಾಟಿದರೆ ಮೈಯಲ್ಲೆಲ್ಲ ಗೊತ್ತಾಗುತ್ತದೆ. 13ಬಿಗೆ 6500 ಅನ್ನೋದು ಲೆಕ್ಕವೇ ಅಲ್ಲ, ಇನ್ನೂ ನುಣ್ಣಗೆ ಹಾಡುತ್ತದೆ. ಆದರೆ 2.17 ಗೇರ್‌ನಲ್ಲಿ ಎಂಜಿನ್ 6500 ಅಂದರೆ ಪ್ರೊಪೆಲ್ಲರ್ 3000. 2700 ಮಿತಿಯ ಪ್ರೊಪೆಲ್ಲರ್‌ನ ಬ್ಲೇಡ್ ಬುಡದ ಮೇಲಿನ ಎಳೆತ ಅಲ್ಲಿ ಶೇ. 23ರಷ್ಟು ಹೆಚ್ಚಾಗಿರುತ್ತದೆ. ನನ್ನ ಮುಂದಿದ್ದ ಮೀಟರ್ ಎಂಜಿನ್ ಆರ್‌ಪಿಎಂ ಮಾತ್ರ ತೋರಿಸುತ್ತಿತ್ತು, ಎಂಜಿನ್‌ನ ಲೆಕ್ಕದಲ್ಲಿ ಎಲ್ಲ ಹಸಿರು. ಗೇರ್‌ಬಾಕ್ಸ್ ಇರುವ ವಿಮಾನದಲ್ಲಿ ಪ್ರೊಪೆಲ್ಲರ್ ಆರ್‌ಪಿಎಂಗೆ ಬೇರೆ ಮೀಟರ್, ಅದಕ್ಕೊಂದು ಕೆಂಪು ಗೆರೆ ಇರಲೇಬೇಕು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಪವರ್ ಇಳಿಸಿ, ಫೈನ್‌ನಲ್ಲೇ ನಿಂತ ಪ್ರೊಪೆಲ್ಲರ್‌ನಲ್ಲಿ ವಾಪಸ್ ಬಂದು ಇಳಿದೆ. ಬುಷ್‌ನಿಂದ ಸೋರಿದ ಆಯಿಲ್ ಗೇರ್‌ಬಾಕ್ಸ್ ತುಂಬಿತ್ತು. ನಾನು ಇಟ್ಟಿದ್ದ ಡ್ರೇನ್ ಪೈಪ್‌ಗೆ ಅಷ್ಟು ಆಯಿಲ್ ಹಿಂದಕ್ಕೆ ಕಳಿಸಲು ಆಗಿರಲಿಲ್ಲ. ರೋಟರಿಯಲ್ಲಿ ಇದು ಇನ್ನೂ ಕೆಟ್ಟದ್ದು. ಇಲ್ಲಿ ಆಯಿಲ್ ಬೇರಿಂಗ್‌ಗೆ ಮಾತ್ರ ಅಲ್ಲ, ರೋಟರ್‌ಗಳನ್ನು ಒಳಗಿನಿಂದ ತಣ್ಣಗಿಡುವುದೂ ಅದೇ ಆಯಿಲ್. ಸಂಪ್‌ನಲ್ಲಿ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ಕಡಿಮೆಯಾದರೆ ಮೊದಲ ಏಟು ರೋಟರ್‌ಗೆ. ಎಂಜಿನ್ ಉಳಿಯಿತು. ಪ್ರೊಪೆಲ್ಲರ್ ಓವರ್‌ಸ್ಪೀಡ್ ಆದ ಕಾರಣ ಪೂರ್ತಿ ಬಿಚ್ಚಿ ತಪಾಸಣೆಗೆ ಕಳಿಸಬೇಕಾಯಿತು. ಆ ಬಿಲ್, ಗೇರ್‌ಬಾಕ್ಸ್ ಬೇರಿಂಗ್‌ಗಳು, ಹೊಸ ಬುಷ್, ಎಲ್ಲ ಸೇರಿ ಅಗ್ಗದ ಪ್ರೊಪೆಲ್ಲರ್‌ನಲ್ಲಿ ಉಳಿಸಿದ್ದೆಲ್ಲ ಹೋಯಿತು, ಮೇಲೆ ಒಂದಿಷ್ಟು ಸೇರಿಕೊಂಡು. ಹಾರಬಹುದಾಗಿದ್ದ ಒಂದು ಇಡೀ ವರ್ಷವೂ ಹೋಯಿತು.

ಆಮೇಲೆ ಎರಕದ ಕಬ್ಬಿಣದ ಉದ್ದನೆಯ ಸ್ಲೀವ್ ಮಾಡಿಸಿದೆ. ಎರಕದ ಕಬ್ಬಿಣ ಹೆಚ್ಚುಕಡಿಮೆ ಉಕ್ಕಿನಷ್ಟೇ ಹಿಗ್ಗುತ್ತದೆ, ಸಂದು ಹಾಗೇ ಉಳಿಯುತ್ತದೆ. ಎರಡೂ ಕಡೆ ಪಿಸ್ಟನ್ ರಿಂಗ್ ತರಹದ ಸೀಲ್ ಇಟ್ಟೆ. ಬೆಂಚ್ ಮೇಲೆ 100 ಡಿಗ್ರಿ ಆಯಿಲ್ ಹಾಯಿಸಿ, ಸೋರಿದ್ದನ್ನು ಪಾತ್ರೆಯಲ್ಲಿ ಹಿಡಿದು ಅಳೆದೆ. ಒತ್ತಡ ನಿಂತಿತು. ಅಂದರೆ ಆಗದ ಕೆಲಸ ಅಂತ ನಾನು ಹೇಳುತ್ತಿಲ್ಲ.

ಆದರೂ ಆ ಹಾರ್ಟ್‌ಜೆಲ್ ಮಾರಿದೆ. ಈ ಗಲಾಟೆಯ ನಡುವೆ ಇನ್ನೊಂದು ವಿಷಯ ಓದುತ್ತಾ ಹೋದೆ, ಅದು ಸೋರಿಕೆಗಿಂತ ಹೆದರಿಸಿತು. ಒ-360 ಜೊತೆಗಿನ ಕೆಲವು ಹಾರ್ಟ್‌ಜೆಲ್‌ಗಳಿಗೆ 2000ದಿಂದ 2250 ಆರ್‌ಪಿಎಂ ನಡುವೆ ನಿರಂತರ ಓಡಿಸಬೇಡಿ ಅನ್ನುವ ನಿಯಮ ಇದೆ. ಬ್ಲೇಡ್‌ನ ಕಂಪನ ಅಳೆದು ಹಾಕಿದ ಗೆರೆ ಅದು. ಎಂಜಿನ್ ಬದಲಾದರೆ ಆ ಗೆರೆಯೂ ಬದಲಾಗುತ್ತದೆ. ನಿಮ್ಮ ಗೇರ್‌ಬಾಕ್ಸ್, ನಿಮ್ಮ 13ಬಿ, ಆ ಬ್ಲೇಡ್, ಈ ಜೋಡಿಗೆ ಅಂಥ ಅಳತೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಜೊತೆಗೆ ಲೋಹದ ಪ್ರೊಪೆಲ್ಲರ್‌ನ ಜಡತ್ವ ಗೇರ್‌ಗಳಿಗೆ ಹೊರೆ. ಹಗುರ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್‌ನ ಗೇರ್‌ಬಾಕ್ಸ್‌ಗೆ ಪ್ರೊಪೆಲ್ಲರ್ ಜಡತ್ವ 6000 ಕೆಜಿ ಚದರ ಸೆಂ.ಮೀ. ಮಿತಿ ಅಂತ ಕಂಪನಿಯೇ ಬರೆದಿದೆ. ಹೈಡ್ರಾಲಿಕ್ ಬೇಕಾದವರಿಗೆ ಪೊಳ್ಳು ಶಾಫ್ಟ್ ಮತ್ತು ಗವರ್ನರ್ ಡ್ರೈವ್ ಇರುವ ಮಾದರಿಗಳನ್ನೇ ಬೇರೆ ಮಾಡಿದೆ. ಸರಿಯಾದ ದಾರಿ ಅದು. ನಿಮ್ಮ ಬಾಕ್ಸ್ ಮಾಡಿದವರು ಅಂಥ ಮಿತಿ ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ಅವರು ಅಳೆದಿಲ್ಲ ಅಂತಲೇ ತಿಳಿದುಕೊಳ್ಳಿ.

ಈಗ ನಾನು ಹಾರಿಸುವುದು ಎಲೆಕ್ಟ್ರಿಕ್ ಕಾನ್‌ಸ್ಟಂಟ್ ಸ್ಪೀಡ್, ಅಂದರೆ ಆಯಿಲ್ ಬದಲು ಕರೆಂಟ್‌ನಿಂದ ಪಿಚ್ ಬದಲಾಯಿಸಿ ಆರ್‌ಪಿಎಂ ಒಂದೇ ಸಮ ಇಡುವ ಪ್ರೊಪೆಲ್ಲರ್. ಜರ್ಮನಿಯ ಎಂಟಿ, ನ್ಯೂಜಿಲೆಂಡ್‌ನ ಏರ್‌ಮಾಸ್ಟರ್ ಇಬ್ಬರೂ ಇಂಥವನ್ನು ಮಾಡುತ್ತಾರೆ. ಪೊಳ್ಳು ಶಾಫ್ಟ್ ಬೇಡ, ಬುಷ್ ಬೇಡ, ಎಂಜಿನ್ ಆಯಿಲ್ ಎಂಜಿನ್‌ನಲ್ಲೇ ಇರುತ್ತದೆ. ಪಿಚ್ ಬದಲಾಗುವುದು ಸ್ವಲ್ಪ ನಿಧಾನ, ತಿರುಗುವ ಹಬ್‌ಗೆ ಕರೆಂಟ್ ದಾಟಿಸುವ ಬ್ರಷ್ ಸವೆಯುತ್ತದೆ, ನೋಡಿಕೊಳ್ಳುತ್ತಿರಬೇಕು. ಕರೆಂಟ್ ಹೋದರೆ ಇದ್ದ ಪಿಚ್‌ನಲ್ಲೇ ನಿಲ್ಲುತ್ತದೆ, ತಾನಾಗಿ ಫೈನ್‌ಗೆ ಓಡುವುದಿಲ್ಲ. ನನಗೆ ಅದೇ ಬೇಕಾಗಿತ್ತು.

ನಿಮಗೆ ನನ್ನ ಅಭಿಪ್ರಾಯ: ಹಾರ್ಟ್‌ಜೆಲ್ ಮಾರಿ. ಮೊದಲು ಫಿಕ್ಸೆಡ್ ಪಿಚ್ ಹಾಕಿ ಹಾರಿ. ಅಮೆರಿಕದಲ್ಲಿ ಕಾರ್ ಎಂಜಿನ್ ಇರುವ ವಿಮಾನಕ್ಕೆ ಮೊದಲ ಹಂತದ ಪರೀಕ್ಷಾ ಹಾರಾಟ ಸಾಮಾನ್ಯವಾಗಿ 40 ಗಂಟೆ. ಆ 40 ಗಂಟೆ ಕೂಲಿಂಗ್, ಇಂಧನ, ಇಗ್ನಿಷನ್ ಸರಿಮಾಡಿಕೊಳ್ಳಲಿಕ್ಕೇ ಬೇಕಾಗುತ್ತದೆ. ಅದರ ನಡುವೆ ಸುಮ್ನೆ ಗವರ್ನರ್ ತಲೆನೋವು ಸೇರಿಸಿಕೊಳ್ಳಬೇಡಿ. ಟೇಕಾಫ್‌ನಲ್ಲಿ ಪೂರ್ತಿ ಆರ್‌ಪಿಎಂ ಸಿಗುವುದಿಲ್ಲ, ನಿಜ. ಉದ್ದನೆಯ ರನ್‌ವೇ ಇರುವ ಕಡೆಯಿಂದ ಹಾರಿದರೆ ಅದು ದೊಡ್ಡ ಕೊರತೆ ಅಲ್ಲ.

ಇಷ್ಟಾದರೂ ಹೈಡ್ರಾಲಿಕ್ಕೇ ಬೇಕು ಅಂದರೆ ನಿಮ್ಮ ಗೇರ್‌ಬಾಕ್ಸ್‌ನ ಅನುಪಾತ ಎಷ್ಟು, ಪ್ರೊಪೆಲ್ಲರ್ ಶಾಫ್ಟ್ ಪೊಳ್ಳೋ ಗಟ್ಟಿಯೋ ಅಂತ ಬರೆಯಿರಿ. ಪೊಳ್ಳಾಗಿದ್ದರೆ ಎರಕದ ಕಬ್ಬಿಣದ ಸ್ಲೀವ್‌ನ ಅಳತೆಗಳನ್ನು ಇಲ್ಲೇ ಹಾಕುತ್ತೇನೆ. ಗಟ್ಟಿಯಾಗಿದ್ದರೆ ಅದನ್ನು ಕೊರೆಸಲು ಹೋಗಬೇಡಿ. ಶಾಫ್ಟ್‌ನ ಬಲ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕದೆ ಕೊರೆದ ಶಾಫ್ಟ್‌ನ ತುದಿಯಲ್ಲಿ ಪ್ರೊಪೆಲ್ಲರ್ ಇರುತ್ತದೆ.