ಪಾಚಿ ದಡ ಬದಲಿಸುವುದಕ್ಕೆ ಗಾಳಿ ಕಾರಣ

ಮೇಡಂ, ಮಳೆಗಾಲದಲ್ಲಿ ನಿಮ್ಮ ಕೆರೆಯ ಪೂರ್ವದ ಏರಿ ಪಕ್ಕ ಪಾಚಿ, ಡಿಸೆಂಬರ್‌ನಲ್ಲಿ ಪಶ್ಚಿಮದ ವಾಕಿಂಗ್ ಪಾತ್ ಕಡೆ. ಯಾರೋ ಕದ್ದು ಕೊಳಚೆ ಬಿಡುತ್ತಿದ್ದಾರಾ, ಫೌಂಟನ್ ಹಾಕಿಸೋಣವಾ ಅಂತ ಕೇಳಿದ್ದೀರಿ. ಕೊಳಚೆ ಬರುತ್ತಲೂ ಇರಬಹುದು. ಆದರೆ ಜಾಗ ಬದಲಾಗುವುದು ಗಾಳಿಯಿಂದ. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ.

ಮೇಲಿನ ನೀರು ಸುಮಾರಾಗಿ ಗಾಳಿಯ ವೇಗದ ಶೇ 2-3ರಷ್ಟು ವೇಗದಲ್ಲಿ ಸರಿಯುತ್ತದೆ. ಗಾಳಿ ಗಂಟೆಗೆ 10 ಕಿ.ಮೀ. ಇದ್ದರೆ ಪಾಚಿ ಗಂಟೆಗೆ 200-300 ಮೀಟರ್ ತೇಲುತ್ತದೆ. ಬೆಳಿಗ್ಗೆ ನಡುಗೆರೆಯಲ್ಲಿದ್ದದ್ದು ಮಧ್ಯಾಹ್ನಕ್ಕೆ ದಡದಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ನಿಂತಿರುತ್ತದೆ. ಒಣಗಿದ ಅಂಚು ನೀಲಿ ಬಣ್ಣಕ್ಕೆ ತಿರುಗಿದ್ದರೆ ನಾಯಿಗಳನ್ನು ಅಲ್ಲಿ ನೀರು ಕುಡಿಯಲು ಬಿಡಬೇಡಿ, ಆ ಜಾತಿಯ ಪಾಚಿಯಲ್ಲಿ ವಿಷ ಇರಬಹುದು.

ಹಾಗಾಗಿ ಪಾಚಿ ಗುಡ್ಡೆಯಾದ ಕಡೆಯೇ ಬಾಟಲಿ ಅದ್ದಿ ಲ್ಯಾಬಿಗೆ ಕಳಿಸಿದರೆ ಇಡೀ ಕೆರೆಯ ಲೆಕ್ಕ ತಪ್ಪುತ್ತದೆ. ಎರಡೂ ದಡದಿಂದ, ಜೊತೆಗೆ ನಡುವಿನಿಂದಲೂ ನೀರು ತೆಗೆಯಿರಿ. ಗಾಳಿ ಯಾವ ಕಡೆಯಿಂದ ಇತ್ತು, ಗಂಟೆ ಎಷ್ಟು ಅಂತ ಬಾಟಲಿಯ ಮೇಲೇ ಬರೆಯಿರಿ.

ಮೀನಿಗೆ ಗಾಳಿ ಒಳ್ಳೆಯದೇ, ನೀರಿಗೆ ಆಮ್ಲಜನಕ ಬೆರೆಸುತ್ತದೆ. ಭಯ ಇರುವುದು ಗಾಳಿಯಿಲ್ಲದ ಮೋಡದ ದಿನಗಳಲ್ಲಿ. ರಾತ್ರಿ ಪಾಚಿಯೇ ಆಮ್ಲಜನಕ ತಿಂದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಆ ಸ್ಥಿತಿಯಲ್ಲಿ ಏಪ್ರಿಲ್-ಮೇ ತಿಂಗಳ ಬಿರುಗಾಳಿ ಬಂದು ತಳದ ಆಮ್ಲಜನಕವಿಲ್ಲದ ಕಪ್ಪು ನೀರನ್ನು ಕಲಕಿದರೆ ಮೀನು ಸಾಯುತ್ತವೆ. ಆಳ ಕಡಿಮೆ ಇದ್ದರೆ ಹೂಳು ಎದ್ದು, ಅದರಲ್ಲಿನ ರಂಜಕ ಮತ್ತೆ ಪಾಚಿಗೇ ಗೊಬ್ಬರ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗಲೂ ಗಾಳಿ ಹೊತ್ತೊಯ್ದಿತ್ತು ಅಷ್ಟೇ. ನೊರೆ ಎದ್ದದ್ದು ಸೋಪಿನ ನೀರು ಕೋಡಿಯಲ್ಲಿ ಧುಮುಕಿದ್ದರಿಂದ.

ನೀರ ಮೇಲೆ ತೇಲುವ ಅಂತರಗಂಗೆ ಕಳೆ ಇದೆಯಾ? ಇದ್ದರೆ ದೋಣಿಯಲ್ಲಿ ಕೆರೆ ತುಂಬಾ ಅಟ್ಟಿಸಿಕೊಂಡು ಹೋಗಬೇಡಿ, ಸುಮ್ನೆ ಕೂಲಿ ದಂಡ. ಗಾಳಿಯೇ ತಂದು ರಾಶಿ ಹಾಕುವ ದಡದಲ್ಲಿ ತೇಲುವ ಹಗ್ಗ ಕಟ್ಟಿ, ಅಲ್ಲಿಂದಲೇ ಎತ್ತಿಸಿ. ಗಾಳಿ ತಿರುಗುವ ಮೊದಲೇ, ಅಕ್ಟೋಬರ್‌ನೊಳಗೆ ಮುಗಿಸಿ. ಇಲ್ಲವೆಂದರೆ ಅಷ್ಟೂ ಆಚೆ ದಡಕ್ಕೆ ಹೊರಡುತ್ತದೆ.

ಫೌಂಟನ್ ಈಗಲೇ ಬೇಡ. ಬೆಳಿಗ್ಗೆ 6ಕ್ಕೆ ಮುಂಚೆ ಮೀಟರ್ ಇಟ್ಟು ಕರಗಿದ ಆಮ್ಲಜನಕ ಅಳೆಯಿರಿ. ಲೀಟರಿಗೆ 4 ಮಿ.ಗ್ರಾಂಗಿಂತ ಪದೇ ಪದೇ ಕೆಳಗಿದ್ದರೆ ರೀಡಿಂಗ್ ಇಲ್ಲಿ ಹಾಕಿ, ಯಾವ ಮೂಲೆಯಲ್ಲಿ ಏನು ಕೂರಿಸಬೇಕು ಅಂತ ನೋಡೋಣ.